ಚಲೋ ಅನ್ನೂದಕ್ಕ ಗೇಜ್ ಇಲ್ಲ

ಗೋಕುಲ ರೋಡಿನ ಶೆಡ್ಡಿನಾಗ
ಜನವರಿ ಫಾರ್ಮಿನ ಮ್ಯಾಲೆ
‘ಲೇತ್ ಕೆಲಸ ಚಲೋ ಕಲೀತೇನಿ’ ಅಂತ ಬರದೆ.
ದಾವಲಸಾಬ್ ಮಿಸ್ತ್ರಿ ಕಿವಿ ಮ್ಯಾಲಿನ ಪೆನ್ಸಿಲ್ ತಗದು
ಗೀಟು ಹೊಡದ್ರು:
“ಚಲೋ ಅನ್ನೂದಕ್ಕ ಗೇಜ್ ಇಲ್ಲ, ತಂಗಿ.”

ಮತ್ತ ಬರದೆ:
ಇಪ್ಪತ್ತೈದು ಮಿಲಿಯ ಶಾಫ್ಟು,
ಮಿಲಿಯ ನೂರು ಪಾಲಿನಾಗ ಎರಡು ಪಾಲು ಆಚೀಚೆ,
ದಿನಕ್ಕ ನಲವತ್ತು. ರಿಜೆಕ್ಟ್ ಒಂದ.
ಯುಗಾದಿಯೊಳಗ.

ಮೊದಲ ದಿನ ಹದಿನೇಳು ಕೆಟ್ಟವು.
ಹಾಲಿನ ಲೆಕ್ಕದಂಗ
ಗ್ವಾಡಿಗೆ ಸೀಮೆಸುಣ್ಣದ ಗೆರಿ ಎಳಕೋತ ಹೋದೆ.
ಹನ್ನೊಂದು.
ಹದಿಮೂರು. ಮತ್ತ ಹದಿಮೂರು.
ಅವತ್ತ ಬುತ್ತಿ ಬಿಚ್ಚಲಿಲ್ಲ,
ರೊಟ್ಟಿ ಹಂಗ ಮನಿಗೆ ಹೋತು.

“ಈಗಷ್ಟ ಕೊಯ್ದದ್ದು, ಸುಡಾಕತ್ತೈತಿ,
ಈಗ ಅಳದ್ರ ಕಬ್ಬಿಣಾನೂ ಸುಳ್ಳು ಹೇಳತೈತಿ.
ಆರಲಿ. ಆಮ್ಯಾಲೆ ಅಳಿ,”
ಅಂದ್ರು ಮಿಸ್ತ್ರಿ, ಶಾಫ್ಟ್ ನೋಡಿ.
ನನ್ನ ಮಾರಿ ನೋಡಲಿಲ್ಲ.

ಈಗೀಗ
ಮೈಕ್ರೋಮೀಟರ್ ಕಿಟಕ್ ಅನ್ನೂದರೊಳಗ
ಹೆಬ್ಬೆರಳಿಗೆ ಗೊತ್ತಾಗಿರತೈತಿ.
ಫಾರ್ಮಿನಾಗ ಅದಕ್ಕ ಖಾನೆ ಇಲ್ಲ,
ಹುಡುಕಿದೆ.

ಬೇವು ಬೆಲ್ಲದ ಹಿಂದಿನ ದಿನ
‘ರಿಜೆಕ್ಟ್: ಮೂರು’ ಅಂತ ಬರದು ಕೊಟ್ಟೆ.
ಮಿಸ್ತ್ರಿ ಎರಡು ಸಲ ಓದಿದ್ರು.
ಪೆನ್ಸಿಲ್ ಕಿವಿ ಮ್ಯಾಲ ಇತ್ತು.