ಎಷ್ಟು ಗಂಟೆಗೆ

ಮುಚ್ಚಿಹೋದ ಹಾಲಿನ ಡೈರಿಯ ಹಿಂದೆ ನಮ್ಮ ಶೆಡ್ಡು.
ಸೋಮವಾರ, ಗುರುವಾರ. ಬೀಗದಕೈ ನನ್ನ ಹತ್ತಿರ.
ಐರ್ಲೆಂಡಿನ ಈ ಅಂಚಿನಲ್ಲಿ ಅಟ್ಲಾಂಟಿಕ್ ಗಾಳಿ
ತಗಡಿನ ಮೊಳೆಗಳನ್ನು ದಿನಾ ಒಂದೊಂದಾಗಿ ಎಣಿಸುತ್ತದೆ.
ಒಳಗೆ ಒಂಬತ್ತು ಮಂದಿ ಗಂಡಸರು,
ಎರಡು ಕೀಸುಳಿ, ನೆಟ್ಟಗಿರುವುದು ಒಂದೇ ಗರಗಸ,
ಹನ್ನೊಂದಕ್ಕೆ ಚಹಾ.
ಪ್ರಶ್ನೆ ಕೇಳಬಾರದೆಂದು ಎಲ್ಲೂ ಬರೆದಿಲ್ಲ.
ಯಾರೂ ಕೇಳುವುದಿಲ್ಲ.

ಕೋಲ್ಮನ್ ಡೆವೇನ್ ಬಂದದ್ದು ಫೆಬ್ರವರಿಯಲ್ಲಿ.
ಬಂದದ್ದಲ್ಲ, ಹೆಂಡತಿ ನೂಲಾ ಬಾಗಿಲಲ್ಲಿ ಇಳಿಸಿ ಹೋದದ್ದು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು.
ಒಂದು ಬೆಳಿಗ್ಗೆ, ಮಕ್ಕಳೆಲ್ಲ ಹತ್ತಿ ಕೂತ ಮೇಲೆ,
ಹ್ಯಾಂಡ್‌ಬ್ರೇಕಿನ ಮೇಲಿಟ್ಟ ಕೈ ಏಳಲಿಲ್ಲವಂತೆ.
ಅಪಘಾತವಲ್ಲ, ಸಾವಲ್ಲ, ಸಾಲವಲ್ಲ.
ಇಂಜಿನ್ನು ಗುರುಗುಟ್ಟುತ್ತಲೇ ಇತ್ತು.
ಹಿಂದಿನ ಸೀಟಿನ ಹುಡುಗಿಯೊಬ್ಬಳು ಎದ್ದು ಬಂದು
ಅವನ ಕೋಟಿನ ಜೇಬಿಗೆ ಒಂದು ಮಿಠಾಯಿ ಹಾಕಿದಳಂತೆ.
ಅಷ್ಟೇ.
ಊರಿಗೆ ಅಷ್ಟು ಸಾಲಲಿಲ್ಲ. ಅವನಿಗೇನು ಧಾಡಿ, ಎಂದಿತು.
ಕೈಗೆ ಪಟ್ಟಿ ಕಟ್ಟಿಕೊಂಡಿದ್ದರೆ ಸೂಪು ಕಳಿಸುತ್ತಿತ್ತು.

ಮೂಲೆಯಿಂದ ಒಂದು ಮುರುಕು ಕುರ್ಚಿ ಎಳೆದುಕೊಂಡ.
ಒಂದೇ ಕಾಲು ಉಜ್ಜಿದ. ಮಾರ್ಚ್ ತಿಂಗಳಿಡೀ ಅದೇ ಕಾಲು.
ಉಪ್ಪುಕಾಗದ ಸವೆದು ಬಟ್ಟೆಯಾಯಿತು.
ನಾವು ನಮ್ಮ ನಮ್ಮ ಮರ ನೋಡಿಕೊಂಡಿದ್ದೆವು.
ಮುಖಕ್ಕೆ ಮುಖ ಕೊಟ್ಟು ಮಾತಾಡಲು ನಮಗೆ ಯಾರೂ ಕಲಿಸಲಿಲ್ಲ;
ಪಕ್ಕದಲ್ಲಿ ನಿಂತು, ಬೇರೇನನ್ನೋ ನೋಡುತ್ತ
ಆಡಲು ಬರುತ್ತದೆ: ದನಕ್ಕೆ ಹೆರಿಗೆ ಮಾಡಿಸುವಾಗ,
ಗೋರಿ ತೋಡುವಾಗ.

ಏಪ್ರಿಲ್‌ನ ಒಂದು ಗುರುವಾರ, ಕುರ್ಚಿಯ ಕಾಲಿಗೆ ಹೇಳಿದ:
“ದಿನಾ ನಾಲ್ಕು ಗಂಟೆಗೆ ಎಚ್ಚರವಾಗುತ್ತೆ.
ಯಾವುದೋ ಮಗುವನ್ನು ಬಸ್ಸಿನಿಂದ ಇಳಿಸಲು ಮರೆತ ಹಾಗೆ.
ಎಣಿಸ್ತೀನಿ. ಬೆಳಗಾಗೋವರೆಗೂ ಎಣಿಸ್ತೀನಿ.”

ಗರಗಸ ನಿಂತಿತು.
ಗಾಳಿಗೂ ಒಂದು ಮೊಳೆಯ ಲೆಕ್ಕ ತಪ್ಪಿತು.
ಹಂದಿ ಸಾಕುವ ಫಿಂಟನ್, ತಲೆಯೆತ್ತದೆ, ಅಂಟು ಹಚ್ಚುತ್ತಲೇ,
“ನಂದು ಮೂರೂ ಮುಕ್ಕಾಲು” ಎಂದ.
ಕಿಟಕಿಯ ಕಡೆಯಿಂದ ಯಾರೋ, “ಎರಡೂವರೆ. ಆಮೇಲೆ ಐದು.”
ಮುದುಕ ಮ್ಯಾಲಕಿಗೆ ಕಿವಿ ಮಂದ:
“ಏನದು, ಬಸ್ಸಿನ ವೇಳಾಪಟ್ಟಿಯೋ?”
ನಕ್ಕೆವು. ಕೋಲ್ಮನ್ ಕೂಡ. ನಗುತ್ತ ನಗುತ್ತ
ಅದು ನಗುವಾಗಿ ಉಳಿಯಲಿಲ್ಲ.
ಯಾರೂ ಬೆನ್ನು ತಟ್ಟಲಿಲ್ಲ.
ಫಿಂಟನ್ ಕೈ ಒರೆಸಿಕೊಂಡು
ತನ್ನ ಉಪ್ಪುಕಾಗದದಲ್ಲಿ ಅರ್ಧ ಹರಿದು ಕೊಟ್ಟ.

ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ.
ಬೆಳಗಿಗೊಂದು ಮಾತ್ರೆ ಇದೆ.
ಮಂಗಳವಾರ ಪೇಟೆಯಲ್ಲಿ ಒಬ್ಬಾಕೆ ಕೂರಿಸಿಕೊಂಡು ಅವನ ಮಾತು ಕೇಳುತ್ತಾಳೆ;
ಕರೆದೊಯ್ಯುವವನು ನಾನೇ.
ಕೆಲವು ಮಂಗಳವಾರ ಕಾರಿನಿಂದ ಇಳಿಯುವುದೇ ಇಲ್ಲ.
ಆಗ ಇಬ್ಬರೂ ಅಲ್ಲೇ ಕೂತು
ರೇಡಿಯೊದಲ್ಲಿ ಕುರಿಯ ಧಾರಣೆ ಕೇಳುತ್ತೇವೆ.
ಮೂರೂ ಮುಕ್ಕಾಲಿಗೆ ಎದ್ದ ಫಿಂಟನ್
ಈಗ ಕಾಲು ಗಂಟೆ ಕಾದು ಮೆಸೇಜು ಹಾಕುತ್ತಾನಂತೆ:
“ಮಕ್ಕಳೆಲ್ಲ ಇಳಿದರು.”
ಕುರ್ಚಿಯ ಒಂದು ಕಾಲು ಗಿಡ್ಡ. ರಟ್ಟು ಮಡಚಿ ಅಡಿಗಿಟ್ಟು
ಕೋಲ್ಮನ್ ಅದರ ಮೇಲೇ ಕೂರುತ್ತಾನೆ.

ಆ ಗುರುವಾರ ಎಲ್ಲರೂ ತಮ್ಮ ತಮ್ಮ ಗಂಟೆ ಹೇಳಿದ್ದರು,
ಬೀಗದಕೈ ಇರುವವನೊಬ್ಬನನ್ನು ಬಿಟ್ಟು.
ನಾನು ಕಪ್ಪು ತೊಳೆಯುತ್ತಿದ್ದೆ,
ತೊಳೆದದ್ದನ್ನೇ ತೊಳೆಯುತ್ತಿದ್ದೆ.

ನಿನ್ನೆ ಕೋಲ್ಮನ್, ತಿರುಗಿ ನೋಡದೆ,
“ನಿಂದು ಎಷ್ಟು ಗಂಟೆಗೆ?” ಎಂದ.
ಈ ಶೆಡ್ಡಿನ ಮೊದಲ ಪ್ರಶ್ನೆ.

ಒಲೆಯ ಮೇಲೆ ಕೆಟಲು ಸಣ್ಣಗೆ ಗುನುಗುತ್ತಿತ್ತು.
ಅದು ಕೂಗಲಿ ಎಂದು ಕಾದೆ,
ಕೇಳಿದ್ದು ಅದರಲ್ಲಿ ಮುಳುಗಿಹೋಗಲಿ ಎಂದು.
ಕೂಗಿತು.
ಒಲೆ ಆರಿಸಿ
ಹೇಳಿದೆ.