ಕ್ಯೂ ಅಕ್ಷರದ ಊರು

ಕಂಪನಿಯ ಗುಮಾಸ್ತ ನಕ್ಷೆಯ ಮೇಲೆ
ಏಳೇಳು ಮೈಲಿಗೊಂದು ಚುಕ್ಕಿ ಇಟ್ಟ,
ಎಂಜಿನ್ನಿನ ಬಾಯಾರಿಕೆಯ ಲೆಕ್ಕ.
ಹೆಸರಿಗೆ ಇಂಗ್ಲಿಷ್ ಅಕ್ಷರಮಾಲೆ ಸಾಕೆಂದ.
ನೆಬ್ರಾಸ್ಕದ ಬಟಾಬಯಲಿನಲ್ಲಿ
ಹದಿನೇಳನೆಯ ಚುಕ್ಕಿಗೆ ಕ್ಯೂ ಬಂತು: ಕ್ವಿಂಬಿ.
ಆ ಹೆಸರಿನವರು ಯಾರೂ ಅಲ್ಲಿ ಹುಟ್ಟಲಿಲ್ಲ, ಸಾಯಲೂ ಇಲ್ಲ.

ಆಮೇಲೆ ಬಂದರು ಬೊಹೀಮಿಯದ ಜನ,
ಒಂದೇ ವ್ಯಾಗನ್ನಿನಲ್ಲಿ ಒಲೆ, ಹಸು, ಅಕಾರ್ಡಿಯನ್,
ಗೋಡೆ ಗಡಿಯಾರ.
ಗಡಿಯಾರ ಯಾರಿಗೂ ಬೇಕಾಗಲಿಲ್ಲ.
ಎಂಟೂ ಹತ್ತರ ಗಾಡಿಗೆ ಕೆನೆ ಕ್ಯಾನಿಗೆ ತುಂಬಿರಬೇಕು,
ನಾಲ್ಕರ ಗಾಡಿ ಕೂಗಿದರೆ ಶಾಲೆಯ ಮಕ್ಕಳು ಮನೆಗೆ,
ರಾತ್ರಿಯ ಗೂಡ್ಸು ದಾಟಿದ ಮೇಲೆ ಮಾತ್ರ ನಿದ್ದೆ.

ತಂತಿ ಯಂತ್ರದ ಮುಂದೆ ಬೋಹುಸ್ಲಾವ್ ವಾವ್ರಾ
ಗೋಧಿಯ ಧಾರಣೆ, ಹಸುಗೂಸಿನ ತೂಕ, ಸಾವು,
ಎಲ್ಲವನ್ನೂ ಅದೇ ಟಕಟಕದಲ್ಲಿ ಕೇಳಿಸಿಕೊಂಡ.
ಹದಿನೆಂಟರ ಅಕ್ಟೋಬರಿನಲ್ಲಿ ಮಗನ ಹೆಸರು ಬಂತು.
ಪೂರ್ತಿ ಬರೆದ, ಮಡಿಚಿದ,
ಲಕೋಟೆಯ ಮೇಲೆ ತನ್ನ ವಿಳಾಸ ಬರೆದು
ರಿಜಿಸ್ಟರಿನಲ್ಲಿ ಸಹಿ ಹಾಕಿ ತಾನೇ ತಗೊಂಡ.
ಆಮೇಲೆ ಸಿಗ್ನಲ್ ಇಳಿಸಲು ಹೋದ; ಗಾಡಿ ಬರುತ್ತಿತ್ತು.

ಅರವತ್ತೊಂದರಲ್ಲಿ ನಿಂತಿತು.
ಕೊನೆಯ ಗಾಡಿ ಅದೇ ಎಂದು ತಿಳಿದದ್ದು ಮಾರನೆಯ ದಿನ.
ಹಳಿ ಗುಜರಿಗೆ ಹೋಯಿತು, ಸ್ಲೀಪರು ಬೇಲಿಗೆ.
ಟಿಕೆಟ್ ಕಿಟಕಿಯನ್ನು ಮೊಮ್ಮಗಳು ಲಿಬ್ಬಿ
ಕೋಳಿಗೂಡಿಗೆ ಕೂರಿಸಿದಳು.
ಬೆಳಗಾದರೆ ಅಲ್ಲೀಗ ಕೋಳಿಗಳದೇ ಕ್ಯೂ.

ಸುತ್ತ ದಿಗಂತದವರೆಗೂ ಮುಸುಕಿನ ಜೋಳ.
ಕಂಪನಿಯ ಜಾಗವೆಂದು ಯಾರೂ ಉಳದೆ ಬಿಟ್ಟ
ಹಳೆಯ ಏರಿಯ ಅಂಚಿನಲ್ಲಷ್ಟೆ
ಆಳೆತ್ತರ ನಿಂತಿದೆ ಹುಲ್ಲು,
ಗುಮಾಸ್ತ ಚುಕ್ಕಿ ಇಡುವ ಮೊದಲೇ ಇದ್ದದ್ದು.
ಎಂಜಿನ್ನಿನ ಕಿಡಿ ಬಿದ್ದು ಆಗಾಗ ಸುಡುತ್ತಿತ್ತು ಅದು.
ಈಗ ಏಪ್ರಿಲಿನಲ್ಲಿ, ಗಾಳಿ ಇಲ್ಲದ ದಿನ ನೋಡಿ,
ಲಿಬ್ಬಿಯೇ ಕಡ್ಡಿ ಗೀರುತ್ತಾಳೆ.
ಸುಡದಿದ್ದರೆ ಬದುಕುವುದಿಲ್ಲವಂತೆ.