ಜ್ಯಾಕಿನ ಮೇಲೆ ಮನೆ

ಹತ್ತು ದಿನ ಅಂದಿದ್ದ ಕುಕೊ.
ಅದು ಫೆಬ್ರವರಿ. ಈಗ ಡೆಮಿಂಗಿನ ಗಾಳಿ
ಏಪ್ರಿಲಿನ ಧೂಳನ್ನು ಹಲ್ಲಿನ ಸಂದಿಗೆ ತಂದಿಟ್ಟು ಹೋಗುತ್ತಿದೆ.
ನಮ್ಮ ಟ್ರೇಲರು ನಾಲ್ಕು ಜ್ಯಾಕಿನ ಮೇಲೆ ನಿಂತಿದೆ,
ಚಪ್ಪಲಿ ಕಳೆದುಕೊಂಡ ಹೆಂಗಸಿನ ಹಾಗೆ.
ಗಾಲಿಗಳು ಬೇಲಿಗೊರಗಿ ಬಿಸಿಲು ಕಾಯಿಸುತ್ತಿವೆ.

ಆಕ್ಸಲ್ ಬರಬೇಕು, ಇಂಡಿಯಾನದಿಂದ.
ಹೊರಟಿದೆ ಅನ್ನುತ್ತಾರೆ. ಇನ್ನೇನು ಹೊರಡಲಿದೆ ಅನ್ನುತ್ತಾರೆ.
ಫೋನಿನ ಆ ಬದಿಯ ಹುಡುಗಿಗೆ ನನ್ನ ದನಿ ಪರಿಚಯ:
"ಓ ಆರ್ಡಿತ್, ಮಂಡಿನೋವು ಹೇಗಿದೆ?"
ಮಂಡಿ ವಾಸಿಯಾಯಿತು ತಾಯಿ, ಆಕ್ಸಲ್ ಎಲ್ಲಿ?

ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿ ಮಾಡಬೇಕು.
ಕೆಲಸ ನಡೆವಾಗ ಒಳಗೆ ಯಾರೂ ಇರಕೂಡದು, ವಿಮೆಯವರ ನಿಯಮ.
ಹೊದಿಕೆ ಎಳೆದು ಹಾಸಿಗೆ ನೆಟ್ಟಗೆ ಮಾಡಿ,
ಮರ್ಲನ ಮಾತ್ರೆಗಳನ್ನು ಡ್ರಾಯರಿಗೆ ತಳ್ಳಿ,
ಒಳಬಟ್ಟೆಗಳನ್ನು ಹಗ್ಗದಿಂದಿಳಿಸಿ,
ನಾಯಿ, ಫ್ಲಾಸ್ಕು, ಪದಬಂಧದ ಪುಸ್ತಕ ಹಿಡಿದು
ಟ್ರಕ್ ಹತ್ತುತ್ತೇವೆ. ಟ್ರಕ್ ಎಲ್ಲಿಗೂ ಹೋಗುವುದಿಲ್ಲ.
ಐದಕ್ಕೆ ಮರಳಿದರೆ ಗ್ರೀಸಿನ ವಾಸನೆ,
ಬೂಟಿನ ಗುರುತು,
ನಿನ್ನೆಗಿಂತ ದೊಡ್ಡದಾದ ತೂತು.

ಆಫೀಸಿನ ಗಾಜಿಗೆ ಅಂಟಿಸಿದ್ದಾರೆ ರಟ್ಟಿನ ಚೂರು:
ಇವತ್ತು ಪಾರ್ಟ್ಸ್ ಬಂದಿಲ್ಲ, ನಾಳೆ ಬನ್ನಿ.
ದಿನವೂ ಓದುತ್ತೇವೆ, ದಿನವೂ ಹಿಂದಿರುಗುತ್ತೇವೆ,
ವಿಧೇಯ ದೆವ್ವಗಳು.

ಐದನೇ ಶೆಡ್ಡಿನ ಹಾಲಿಸ್ ಜನವರಿಯಿಂದ ಇದ್ದಾನೆ,
ಮುಂದಿನ ಗಾಜಿಗಾಗಿ. ಮೊನ್ನೆ ಬಕೆಟ್ಟಿನಲ್ಲಿ
ಮೆಣಸಿನ ಸಸಿ ನೆಟ್ಟ.
ಅದನ್ನು ನೋಡಿ ನಮ್ಮಿಬ್ಬರಿಗೂ ದಿಗಿಲಾಯಿತು.

ಲೈಬ್ರರಿಯಾಕೆ ವಿಳಾಸ ಕೇಳಿದಳು.
ಇಲ್ಲ ಅಂದೆ. ಯಾರಿಗಾದರೂ ಇದ್ದೇ ಇರುತ್ತದಲ್ಲ ಅಂದಳು.
ಆರು ವರ್ಷದಿಂದ ಆ ಖಾನೆಯಲ್ಲಿ ಗೆರೆ ಎಳೆಯುತ್ತಿದ್ದವಳು
ಪೆನ್ನು ತೆಗೆದುಕೊಂಡು ಬರೆದೆ:
ಕುಕೊ ಟ್ರೇಲರ್ ರಿಪೇರಿ, ಮೂರನೇ ಶೆಡ್ಡು.
ಅಕ್ಷರ ಯಾಕೋ ದುಂಡಗೆ ಬಂತು.

ನೆಲ ಬಿಚ್ಚಿದ ದಿನ ಕುಕೊ ನಮ್ಮನ್ನು ಒಳಗೆ ಕರೆದ,
ನಿಯಮ ಮೀರಿ.
ಬೆರಳಿಟ್ಟರೆ ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕು.
ಅದರಡಿಯ ತೊಲೆಯಲ್ಲಿ, ಫ್ಯಾಕ್ಟರಿಯ ಪೆನ್ಸಿಲಿನಲ್ಲಿ,
ಸೊಟ್ಟ ಸಾಲು: ಶುಕ್ರವಾರ. ಸಾಕಪ್ಪಾ. ಡಾರ್ಲಾ.
ಇಪ್ಪತ್ತೆರಡು ರಾಜ್ಯ ದಾಟಿದ್ದೆವು
ಯಾರದೋ ಆ ದಣಿವಿನ ಮೇಲೆ ಮಲಗಿ.
ಮರ್ಲ್ ಕೆಂಡವಾದ. ಮೊಳೆ ಎಣಿಸಿದ, ಕೇಸು ಹಾಕುತ್ತೇನೆಂದ.
ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಶುಕ್ರವಾರ ಮೂರೂವರೆ ಗಂಟೆ ಎಂದರೇನೆಂದು ಬಲ್ಲೆ.
ಆ ತುಂಡು ಎಸೆಯಬೇಡ ಕುಕೊ, ಅಂದೆ.
ಒರೆಸಿ ಕೊಟ್ಟ. ಈಗ ಅದು ಒಲೆಯ ಪಕ್ಕ ಇದೆ.

ಕೊನೆಗೂ ಬಂತು ಆಕ್ಸಲ್, ಮಂಗಳವಾರ,
ನಮ್ಮ ಹೆಸರನ್ನು ಮೈಮೇಲೆ ಅಂಟಿಸಿಕೊಂಡು.
ನಾಲ್ಕಿಂಚು ಉದ್ದ ಜಾಸ್ತಿ.
ಕುಕೊ ಟೇಪನ್ನು ಎರಡನೇ ಸಲ ಎಳೆದ,
ನಿಂತ ನಾಡಿಯನ್ನು ಮತ್ತೆ ಹುಡುಕುವವರ ಹಾಗೆ.
ಯಾರೂ ಮಾತಾಡಲಿಲ್ಲ. ಮೊದಲು ನಕ್ಕವನು ಮರ್ಲ್,
ಆಮೇಲೆ ಹಾಲಿಸ್, ಆಮೇಲೆ ನಾಯಿ ಬೊಗಳಿತು.

ಆ ರಾತ್ರಿ ಬಾಣಲೆಗೆ ಮೊಟ್ಟೆ ಒಡೆದೆ.
ನಮ್ಮ ಮೊಟ್ಟೆಗಳು ಯಾವತ್ತೂ ಅಂಚಿಗೆ ಓಡುವಂಥವು,
ಓರೆಗಾನಿನಲ್ಲಿ ಎಡಕ್ಕೆ, ಟೆನೆಸ್ಸಿಯಲ್ಲಿ ಬಲಕ್ಕೆ,
ಗಾಲಿಯಡಿ ಎಷ್ಟು ಹಲಗೆ ಕೊಟ್ಟರೂ.
ಇವತ್ತು ಹಳದಿ ನಟ್ಟನಡುವೆ ಕೂತಿತು,
ಅಲ್ಲಾಡಲಿಲ್ಲ.
ಕುಕೊ ಇಟ್ಟ ಜ್ಯಾಕು ಅಷ್ಟು ಮಟ್ಟಸ.
"ನೋಡಿಲ್ಲಿ" ಅಂದೆ.
ಮರ್ಲ್ ನೋಡಿದ. ಉಪ್ಪು ಕೇಳಿದ.

ಹೊರಗೆ ಗೂಡ್ಸ್ ರೈಲು ಪಶ್ಚಿಮಕ್ಕೆ ಹೊರಟಿತ್ತು.
ಡಬ್ಬಿ ಎಣಿಸುತ್ತಾ ಮಲಗಿದೆವು.
ಎಂಬತ್ತರ ಹತ್ತಿರ ಯಾರೋ ಒಬ್ಬರು
ಲೆಕ್ಕ ತಪ್ಪಿದೆವು.